ಚೆನ್ನಾಗಿರುವವರ ಡಾಕ್ಟರು

ಕಾಯಿಲೆಯವರನ್ನು ಕಂಡರೆ ಮುಖ ಸಪ್ಪಗಾಗಿ, ಗಟ್ಟಿಮುಟ್ಟಾಗಿ ಓಡಾಡುವವರನ್ನು ಕಂಡರೆ ಕಣ್ಣರಳಿಸುವ ವೈದ್ಯರನ್ನು ನನ್ನ ಜೀವಮಾನದಲ್ಲಿ ನಾನು ಕಂಡದ್ದು ಒಬ್ಬರನ್ನೇ; ಅವರು ಡಾಕ್ಟರ್ ಗಂಗಾಂಬಿಕೆ. ತೊಂಬತ್ತರ ದಶಕದ ನಡುವಿನಲ್ಲಿ ತುಮಕೂರಿನ ಸೋಮೇಶ್ವರಪುರದ ಒಂದೇ ಮನೆಯ ಕೆಳ ಅಂತಸ್ತಿನಲ್ಲಿ ನಾವು, ಮೇಲಂತಸ್ತಿನಲ್ಲಿ ಅವರು ಬಾಡಿಗೆಗಿದ್ದೆವು. ಬೆಳಗ್ಗೆ ಹಾಲಿನವಳು ಗೇಟು ತೆರೆದ ಸದ್ದಾದರೆ ಮೇಲಿನಿಂದ ಪ್ರಶ್ನೆ ಬೀಳುತ್ತಿತ್ತು: “ಚೆನ್ನಾಗಿದೀಯಾ?” ಸ್ವಲ್ಪ ಕೆಮ್ಮು ಎಂದು ಅವಳು ಹೇಳಿದರೆ, ಕಷಾಯ ಕುಡಿ ಎಂಬ ನಿರುತ್ಸಾಹದ ಉತ್ತರ. ಏನೂ ಇಲ್ಲ, ಚೆನ್ನಾಗಿದೀನಿ ಎಂದಳೋ, ಡಾಕ್ಟರು ಬರಿಗಾಲಿನಲ್ಲೇ ಮೆಟ್ಟಿಲಿಳಿದು ಬಂದು, ಕಳೆದುಹೋದ ಒಡವೆ ಸಿಕ್ಕಿದವರಂತೆ ಅವಳ ಕೈ ಹಿಡಿದು, “ನಿಜವಾಗ್ಲೂ ಚೆನ್ನಾಗಿದೀಯಾ? ಹಾಗಾದ್ರೆ ನಿನ್ನಿಂದ ನಂಗೊಂದು ಉಪಕಾರ ಆಗ್ಬೇಕಲ್ಲ” ಎಂದು ಶುರುಮಾಡುತ್ತಿದ್ದರು. ಉಪಕಾರ ಏನೆಂದು ಪೂರ್ತಿ ಕೇಳಿಸಿಕೊಂಡ ಹಾಲಿನವಳು ಮರುದಿನದಿಂದ ಒಂದು ವಾರ ಹಾಲು ಹಾಕಲು ತನ್ನ ಗಂಡನನ್ನು ಕಳುಹಿಸಿದಳು.

ಡಾಕ್ಟರು ಆಗ ಕೈಗೆತ್ತಿಕೊಂಡಿದ್ದುದು ಯೋನಿಯ ರಚನೆಯನ್ನೂ ಆರೋಗ್ಯವನ್ನೂ ಕುರಿತ ಒಂದು ಸಂಶೋಧನೆ. ಅದಕ್ಕೆ ಬೇಕಾಗಿದ್ದವರು ರೋಗಿಗಳಲ್ಲ, ಯಾವ ತೊಂದರೆಯೂ ಇಲ್ಲದ ಹೆಂಗಸರು. ಹದಿನೆಂಟು ದಾಟಿದವರಿಂದ ಹಿಡಿದು ಮೊಮ್ಮಕ್ಕಳನ್ನು ಕಂಡವರ ತನಕ, ತಾವಾಗಿ ಒಪ್ಪಿ ಬಂದು ಪರೀಕ್ಷೆ ಮಾಡಿಸಿಕೊಳ್ಳುವಂಥವರು. ಹೊಟ್ಟೆ ಹರಿದುಹೋಗುವಂಥ ನೋವಿದ್ದಾಗಲೂ ಆಸ್ಪತ್ರೆಯ ಬಾಗಿಲಲ್ಲಿ ಹಿಂದೆ ಮುಂದೆ ನೋಡುವ ನಮ್ಮ ಸೀಮೆಯ ಹೆಣ್ಣುಮಕ್ಕಳು, ನೋವೇ ಇಲ್ಲದಿರುವಾಗ ಯಾಕಾದರೂ ಬಂದಾರು? ಈ ಪ್ರಶ್ನೆಯನ್ನು ಮೆಡಿಕಲ್ ಕಾಲೇಜಿನಲ್ಲಿ ಅವರ ಮೇಲಿನ ಪ್ರೊಫೆಸರರೂ ಕೇಳಿದ್ದರು. “ಕಾಯಿಲೆಯೇ ಇಲ್ಲ ಅಂದ್ಮೇಲೆ ರಿಸರ್ಚು ಏನಮ್ಮಾ ಮಾಡ್ತೀಯಾ?” ಎಂದು ನಕ್ಕು, ಕನ್ನಡಕ ಒರೆಸಿಕೊಂಡು, ಅವರ ಅರ್ಜಿಯನ್ನು ಮೇಜಿನ ಬಲಗಡೆಯಿಂದ ಎಡಗಡೆಗೆ ಸರಿಸಿದ್ದರಂತೆ.

ಆದರೆ ಸರಿಸಿದ ಕಡೆಗೆ ಸರಿಯುವ ಪೈಕಿ ಈಕೆ ಆಗಿರಲಿಲ್ಲ. ಕುಣಿಗಲ್ಲಿನವರು, ತಂದೆ ಚನ್ನವೀರಯ್ಯ ಅಲ್ಲಿನ ಕುದುರೆ ಫಾರಂನ ಲಾಯದಲ್ಲಿ ಕೆಲಸಕ್ಕಿದ್ದವರು. ಹೆಣ್ಣುಕುದುರೆ ಮರಿ ಹಾಕುವಾಗ ಗಂಡಸರೂ ಹೆಂಗಸರೂ ಮಕ್ಕಳೂ ಸುತ್ತ ನಿಂತು, ಎಲ್ಲಿ ಏನಾಗುತ್ತಿದೆ ಎಂಬುದನ್ನು ಗಟ್ಟಿಯಾಗಿ, ಯಾವ ಮುಚ್ಚುಮರೆಯೂ ಇಲ್ಲದೆ, ಒಂದು ಬಗೆಯ ಭಕ್ತಿಯಿಂದಲೇ ಮಾತಾಡಿಕೊಳ್ಳುತ್ತಿದ್ದ ವಾತಾವರಣದಲ್ಲಿ ಬೆಳೆದ ಹುಡುಗಿ, ಮುಂದೆ ವೈದ್ಯೆಯಾಗಿ ಮನುಷ್ಯರ ಬಳಿ ಬಂದಾಗ, ಅದೇ ಸಂಗತಿಗೆ ಇಲ್ಲಿ ಎಲ್ಲರೂ ಸೆರಗನ್ನು ಬಾಯಿಗೆ ಒತ್ತಿಕೊಳ್ಳುವುದನ್ನು ಕಂಡು ನಿಜಕ್ಕೂ ತಬ್ಬಿಬ್ಬಾದಳು. ಲಾಯದ ಗುರುತುಗಳು ಅವರ ಮೈಯಲ್ಲಿ ಕೊನೆಯ ತನಕ ಉಳಿದಿದ್ದವು. ಬಲಗೈಯನ್ನು ತುಸು ಹಿಂದಕ್ಕೆ ಚಾಚಿ, ಕಾಣದ ಹಗ್ಗವೊಂದನ್ನು ಹಿಡಿದು ಯಾರನ್ನೋ ನಡೆಸಿಕೊಂಡು ಹೋಗುವವರಂತೆ ಬೀಸುಹೆಜ್ಜೆ ಹಾಕುತ್ತಿದ್ದರು. ಹೆದರಿದ ಹೆಂಗಸು ಮಂಚದ ಮೇಲೆ ಮುದುಡಿ ಮಲಗಿದರೆ ಭುಜ ತಟ್ಟುತ್ತಾ ನಾಲಗೆಯಿಂದ ಚ್ಕ್ ಚ್ಕ್ ಎಂದು ಸದ್ದು ಮಾಡುತ್ತಿದ್ದರು. ಅದೇನು ಮೋಡಿಯೋ, ಬಿಗಿದ ಮೈ ಸಡಿಲವಾಗುತ್ತಿತ್ತು. ಅವರ ಬಿಳಿಯ ಕೋಟಿನ ಜೇಬಿನಲ್ಲಿ ಸ್ಟೆತಾಸ್ಕೋಪಿನ ಜೊತೆಗೆ ಬೆಲ್ಲದ ಚೂರುಗಳಿರುತ್ತಿದ್ದವು. ಅಪ್ಪ ಕುದುರೆಗಳಿಗೆ ಕೊಡುತ್ತಿದ್ದ ಬೆಲ್ಲವನ್ನು ಮಗಳು ಪರೀಕ್ಷೆ ಮುಗಿಸಿದ ಹೆಂಗಸರಿಗೆ ಕೊಡುತ್ತಿದ್ದಳು. ಹೀಗಾಗಿ ಆ ಕೋಟಿಗೆ ಇರುವೆಗಳ ಕಾಟ ತಪ್ಪಿದ್ದಿಲ್ಲ. ಕಾಲೇಜಿನ ಸಭೆಗಳಲ್ಲಿ ಗಣ್ಯರ ನಡುವೆ ಕುಳಿತು ಅವರು ತಟಕ್ಕನೆ ಕತ್ತು ಕೊಡವಿಕೊಂಡರೆ, ಅದು ಭಿನ್ನಾಭಿಪ್ರಾಯವಲ್ಲ, ಇರುವೆ ಎಂದು ತಿಳಿದವರು ತಿಳಿದುಕೊಳ್ಳುತ್ತಿದ್ದರು.

ಇಷ್ಟೆಲ್ಲ ಪಾಡು ಯಾಕೆ ಎಂದು ನಾನೊಮ್ಮೆ ಕೇಳಿದೆ. ಅವರು ಕೆಲವು ವರ್ಷ ಗುಬ್ಬಿಯಲ್ಲಿ ಸರ್ಕಾರಿ ವೈದ್ಯೆಯಾಗಿದ್ದರು. ಜ್ವರಕ್ಕೆ ಬಂದವರು, ಬಸಿರಿಯರು, ಮಗುವಿಗೆ ಚುಚ್ಚುಮದ್ದು ಹಾಕಿಸಲು ಬಂದವರು, ಯಾರೇ ಆಗಲಿ, ಉಳಿದವರೆಲ್ಲ ಹೊರಗೆ ಹೋದ ಮೇಲೆ ಬಾಗಿಲ ಬಳಿ ಒಂದು ಗಳಿಗೆ ನಿಂತು ಒಂದೇ ಪ್ರಶ್ನೆ ಕೇಳುತ್ತಿದ್ದರಂತೆ: “ಅಮ್ಮಾವ್ರೇ, ನಂದು ಸರಿಯಾಗೈತಾ?” ಹೆರಿಗೆಯಾದ ಮೇಲೆ ಹೀಗಾಗಿದೆ, ಇದು ಸರಿಯೇ? ಒಂದು ಕಡೆ ಹೀಗಿದೆ, ಇದು ಸರಿಯೇ? ಬಿಳಿ ಹೋಗುತ್ತದೆ, ಎಷ್ಟು ಹೋದರೆ ಸರಿ? “ಸರಿ ಇದೆ ಅಂತ ಹೇಳಿ ಕಳಿಸ್ತಿದ್ದೆ ಮೇಷ್ಟ್ರೇ. ಆದ್ರೆ ಯಾವ ಧೈರ್ಯದ ಮೇಲೆ ಹೇಳ್ತಿದ್ದೆ? ಪುಸ್ತಕದಲ್ಲಿ ಇರೋದೆಲ್ಲ ಕೆಟ್ಟು ಹೋಗಿರೋದರ ಚಿತ್ರ. ಸರಿ ಇರೋದು ಎಷ್ಟು ಥರ ಇರುತ್ತೆ ಅಂತ ನಮ್ಮ ಕಡೆ ಹೆಂಗಸರನ್ನ ನೋಡಿ ಬರೆದಿರೋದು ನನ್ನ ಕೈಗೆ ಒಂದೂ ಸಿಗಲಿಲ್ಲ.”

ನನಗೂ ಈ ಸಂಶೋಧನೆಗೂ ಗಂಟು ಬಿದ್ದದ್ದು ಒಂದು ಶಬ್ದದ ದೆಸೆಯಿಂದ. ಹೆಂಗಸರನ್ನು ಕೇಳಬೇಕಾದ ಪ್ರಶ್ನೆಗಳನ್ನು ಕನ್ನಡಕ್ಕೆ ತಂದುಕೊಡಿ ಎಂದು ಒಂದು ಭಾನುವಾರ ಮೇಲಿನಿಂದ ಇಳಿದುಬಂದರು. ಕನ್ನಡ ಅಧ್ಯಾಪಕನಾದ ನಾನು ಗಂಟಲು ಸರಿಮಾಡಿಕೊಂಡು ‘ಯೋನಿ’ ಎಂದೆ. ಅದು ನಿಮ್ಮ ಕ್ಲಾಸಿನ ಪದ, ಹಳ್ಳಿಯ ಪದ ಹೇಳಿ ಎಂದರು. ನಾನು ಚಾವಣಿ ನೋಡಿದೆ. ಹಳ್ಳಿಯಲ್ಲಿ ಪದವಿಲ್ಲವೆಂದಲ್ಲ; ಇದ್ದವೆಲ್ಲ ಬೈಗುಳದಲ್ಲಿ ಸವೆದು ಹೋಗಿದ್ದವು. ಆ ಅಂಗವುಳ್ಳವರು ಮಾತ್ರ ಅದಕ್ಕೆ ಹೆಸರಿಟ್ಟು ಕರೆಯದೆ, ‘ಕೆಳಗೆ’, ‘ಅಲ್ಲಿ’, ‘ಆ ಜಾಗ’ ಎಂದು, ದೂರದ ಊರೊಂದರ ಕಡೆ ಕೈ ತೋರಿಸಿದಂತೆ ಹೇಳುತ್ತಿದ್ದರು. ಡಾಕ್ಟರು ಒಂದು ಲೋಟ ಕಾಫಿ ಮುಗಿಯುವ ತನಕ ಯೋಚಿಸಿ ತೀರ್ಮಾನ ಹೇಳಿದರು: “ಯೋನಿ ಅಂತಲೇ ಇರಲಿ. ಥರ್ಮಾಮೀಟರ್ ಅನ್ನೋದು ಕಲಿತಿದಾರೆ, ಕೋಆಪರೇಟಿವ್ ಸೊಸೈಟಿ ಅನ್ನೋದು ಕಲಿತಿದಾರೆ. ಎರಡಕ್ಷರ ಕಲಿಯೋಕೆ ಆಗಲ್ವಾ?”

ಶಬ್ದಾರ್ಥದ ಹುಚ್ಚಿನ ನಾನು, ಮೂಲ, ಉಗಮಸ್ಥಾನ ಎಂದೆಲ್ಲ ಆ ಪದದ ಹಿರಿಮೆಯನ್ನು ವಿವರಿಸುತ್ತಾ, ಪುರಾಣಗಳಲ್ಲಿ ಮಹಾಮಹಿಮರನ್ನು ‘ಅಯೋನಿಜ’ರೆಂದು, ಎಂದರೆ ಈ ದಾರಿಯಿಂದ ಹುಟ್ಟದವರೆಂದು, ಕೊಂಡಾಡುವುದುಂಟು ಎಂದು ಸೇರಿಸಿದೆ. ಅವರು ಲೋಟ ಕೆಳಗಿಟ್ಟರು. “ಯಾಕ್ರೀ, ನಮ್ಮ ದಾರೀಲಿ ಬಂದಿದ್ರೆ ಅವರಿಗೇನು ಕಮ್ಮಿ ಆಗ್ತಿತ್ತು?” ಎಂದು ಕೇಳಿದ ರಭಸಕ್ಕೆ ಅಡುಗೆಮನೆಯಲ್ಲಿದ್ದ ನನ್ನ ಹೆಂಡತಿ ಮಹಾಲಕ್ಷ್ಮಮ್ಮ, ಒಗ್ಗರಣೆ ಸೀಯುತ್ತಿದ್ದರೂ ಲೆಕ್ಕಿಸದೆ ನಕ್ಕುಬಿಟ್ಟಳು. ಅವರ ದನಿಯೇ ಅಂಥದು. ಪಿಸುಮಾತನ್ನು ಅವರು ಕಲಿತೇ ಇರಲಿಲ್ಲ.

ಮೊದಲ ಕೆಲವು ತಿಂಗಳು ಯಾರೂ ಬರಲಿಲ್ಲ. ಗುಬ್ಬಿ ತಾಲ್ಲೂಕಿನ ಕಡಬದ ಆರೋಗ್ಯ ಕೇಂದ್ರದ ಹಿಂದಿನ ಕೋಣೆಗೆ ಸುಣ್ಣ ಹೊಡೆಸಿ, ಪರದೆ ಕಟ್ಟಿಸಿ, ಶನಿವಾರ ಶನಿವಾರ ಹೋಗಿ ಕಾದು ಕುಳಿತು, ಸಂಜೆಯ ಬಸ್ಸಿಗೆ ಬರಿಗೈಯಲ್ಲಿ ಮರಳುತ್ತಿದ್ದರು. ಮೋಸದಿಂದ ಮಕ್ಕಳಾಗದ ಆಪರೇಷನ್ ಮಾಡುತ್ತಾರೆಂದು ಗಂಡಸರಲ್ಲಿ ಗುಸುಗುಸು ಹುಟ್ಟಿತ್ತು. ಕೊನೆಗೆ ಆ ಕಟ್ಟೆಯನ್ನು ಒಡೆದವಳು ಚಿಕ್ಕಮಾರಮ್ಮ. ಆಕೆ ಕಡಬದ ಹಿರಿಯ ಹೆಂಗಸು. ಹೊಲ, ಮನೆ, ಆರು ಮಕ್ಕಳು, ಲೆಕ್ಕವಿಲ್ಲದಷ್ಟು ಮೊಮ್ಮಕ್ಕಳನ್ನು ಆಳುತ್ತಿದ್ದವಳು. ಆಸ್ಪತ್ರೆಯ ಮಂಚವನ್ನು ಒಮ್ಮೆಯೂ ಹತ್ತಿದವಳಲ್ಲ. ಒಂದು ಶನಿವಾರ ಮೊಮ್ಮಗುವಿನ ಕೆಮ್ಮಿಗೆ ಔಷಧಿ ಕೇಳಲು ಬಂದವಳು, ಸುಮ್ಮನೆ ಕುಳಿತಿದ್ದ ಡಾಕ್ಟರನ್ನು ಕಂಡು ಮರುಗಿದಳು.

“ಯಾಕವ್ವ, ವಾರವಾರ ಬಂದು ಬಾಗ್ಲು ನೋಡ್ಕಂಡು ಕುಂತಿರ್ತೀಯಲ್ಲ. ಯಾರ್ನ ಕಾಯ್ತಿದೀಯ?”

“ಚೆನ್ನಾಗಿರೋರನ್ನ.”

“ನಾನ್ ಚೆಂದಾಗಿವ್ನಿ ಬುಡು. ಏನ್ ಮಾಡ್ಬೇಕೇಳು.”

ಡಾಕ್ಟರು ಒಂದನ್ನೂ ಬಚ್ಚಿಡದೆ ಎಲ್ಲವನ್ನೂ ಹೇಳಿದರು: ಏನನ್ನು ನೋಡುತ್ತೇನೆ, ಯಾವುದರಿಂದ ಅಳೆಯುತ್ತೇನೆ, ಬೇಡವೆನಿಸಿದರೆ ಯಾವಾಗ ಬೇಕಾದರೂ ಎದ್ದು ಹೋಗಬಹುದು, ಹೆಸರನ್ನು ಎಲ್ಲಿಯೂ ಬರೆಯುವುದಿಲ್ಲ. ಚಿಕ್ಕಮಾರಮ್ಮ ತಲೆಯಾಡಿಸುತ್ತಾ ಕೇಳಿ, “ಆರು ಮಕ್ಳು ಬಂದವೆ ಆ ದಾರೀಲಿ. ಒಂದ್ಸಲನಾರ ಯಾರಾದ್ರೂ ದಾರಿ ಎಂಗೈತೆ ಅಂತ ನೋಡ್ಬ್ಯಾಡ್ವಾ? ನಡಿಯವ್ವ” ಎಂದು ತಾನೇ ಮುಂದಾಗಿ ಪರದೆ ಸರಿಸಿದಳಂತೆ. ಪರೀಕ್ಷೆಯಾಯಿತು. ಸ್ನಾಯುಗಳು ಈ ವಯಸ್ಸಿಗೆ ಬಲು ಗಟ್ಟಿಯಾಗಿವೆ, ಎಲ್ಲಾ ಸರಿಯಾಗಿದೆ, ಫಸ್ಟ್ ಕ್ಲಾಸ್ ಎಂದು ಡಾಕ್ಟರು ಸಂತೋಷದಲ್ಲಿ ಬಾಯಿತಪ್ಪಿ ಆಡಿದರು, ಬೆಲ್ಲ ಕೊಟ್ಟರು. ಚಿಕ್ಕಮಾರಮ್ಮ ಬೆಲ್ಲವನ್ನು ಬಾಯಿಗೆ ಹಾಕಿಕೊಂಡು ನೇರವಾಗಿ ಕೆರೆಯ ಕಡೆಗೆ ಹೋಗಿ, ಬಟ್ಟೆ ಒಗೆಯುತ್ತಿದ್ದ ಹೆಂಗಸರೆಲ್ಲರಿಗೂ ಕೇಳುವಂತೆ ಕೂಗಿದಳು: “ನಂದು ಪಸ್ಟ್ ಕ್ಲಾಸಂತೆ ಕಣ್ರೇ!”

ಮುಂದಿನ ಶನಿವಾರ ಆರೋಗ್ಯ ಕೇಂದ್ರದ ಮುಂದೆ ಜಾತಿ, ವಯಸ್ಸುಗಳ ಭೇದವಿಲ್ಲದೆ ಹೆಂಗಸರ ಸಾಲು ನಿಂತಿತ್ತು. ಎಲ್ಲರಿಗೂ ತಂತಮ್ಮ ಕ್ಲಾಸು ತಿಳಿಯಬೇಕಾಗಿತ್ತು. ಇಲ್ಲಿ ಪಾಸು ಫೇಲು ಯಾವುದೂ ಇಲ್ಲ, ನಾನು ಅವತ್ತು ಆಡಿದ್ದು ತಪ್ಪು ಎಂದು ಡಾಕ್ಟರು ಸಾಲಿನ ಉದ್ದಕ್ಕೂ ಕೈಮುಗಿಯುತ್ತಾ ನಡೆದರೂ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಎರಡನೆಯವಳಾಗಿ ಒಳಗೆ ಹೋದ ಚಿಕ್ಕಮಾರಮ್ಮನ ನೆರೆಯಾಕೆ ಹೊರಗೆ ಬಂದು, “ನಂದೂ ಏನ್ ಕಮ್ಮಿ ಇಲ್ವಂತೆ” ಎಂದಷ್ಟೇ ಹೇಳಿ ಸೆರಗು ಸರಿಪಡಿಸಿಕೊಂಡು ಹೊರಟಳಂತೆ. ಆ ಎರಡು ಮನೆಗಳ ನಡುವೆ ಬೇಲಿಯ ಜಗಳವಿತ್ತೆಂದು ಡಾಕ್ಟರಿಗೆ ಆಮೇಲೆ ಗೊತ್ತಾಯಿತು.

ಪರೀಕ್ಷೆಯಲ್ಲಿ ಹೆಂಗಸರಿಗೆ ಎಲ್ಲಕ್ಕಿಂತ ಹಿಡಿಸಿದ್ದು ಬಣ್ಣದ ಕಾಗದದ ಪಟ್ಟಿ. ಒಳಗಿನ ತೇವಕ್ಕೆ ತಾಗಿಸಿದಾಗ ಅದು ಹಳದಿಯಾಗಿಯೇ ಉಳಿದರೆ ಹುಳಿ ಸಾಕಷ್ಟಿದೆ, ಹಸಿರಿಗೆ ತಿರುಗಿದರೆ ಕಡಿಮೆಯಾಗಿದೆ ಎಂದು ಅರ್ಥ. ಮೈಯೊಳಗೆ ಹುಳಿಯೇ ಎಂದು ಗಾಬರಿಯಾದವರಿಗೆ ಡಾಕ್ಟರು, ಹಾಲನ್ನು ಮೊಸರು ಮಾಡುವ ಕಣ್ಣಿಗೆ ಕಾಣದ ಜೀವಿಗಳ ದಾಯಾದಿಗಳು ನಿಮ್ಮೊಳಗೂ ಮನೆ ಮಾಡಿಕೊಂಡಿವೆ, ಅವು ಮಾಡುವ ಹುಳಿಯೇ ಕಾವಲು, ಅದಿದ್ದರೆ ಕೆಟ್ಟ ಕ್ರಿಮಿ ಹತ್ತಿರ ಸುಳಿಯುವುದಿಲ್ಲ, ಮುಟ್ಟು ನಿಂತವರಲ್ಲಿ ಹುಳಿ ತಾನಾಗಿ ತಗ್ಗುವುದೂ ಸಹಜವೇ ಎಂದು ತಿಳಿಸುತ್ತಿದ್ದರು. ಶುಚಿಯ ಹೆಸರಿನಲ್ಲಿ ಸೋಪು, ಪಟಿಕ, ಗಾಯ ತೊಳೆಯುವ ಔಷಧಿಗಳಿಂದ ಒಳಗೆಲ್ಲ ತೊಳೆದುಕೊಂಡು ಉರಿ ಬರಿಸಿಕೊಂಡವರು ಬಂದರೆ ಮಾತ್ರ ಅವರ ದನಿ ಏರುತ್ತಿತ್ತು: “ಮೊಸರಿನ ಕುಡಿಕೆಗೆ ಸೋಪು ಹಾಕ್ತೀಯೇನೇ? ಹೊರಗೆ ನೀರು ಸಾಕು. ಒಳಗಿನದು ತನ್ನ ಪಾಡಿಗೆ ತಾನು ತೊಳ್ಕೊಳ್ಳುತ್ತೆ, ನಿನ್ನ ಸಹಾಯ ಕೇಳಿಲ್ಲ ಅದು!” ಬಸ್ಸಿನಲ್ಲೂ ಇದನ್ನೇ, ಇದೇ ದನಿಯಲ್ಲಿ ವಿವರಿಸಿ, ಗುಬ್ಬಿಯಿಂದ ತುಮಕೂರಿನ ತನಕ ಇಡೀ ಬಸ್ಸನ್ನು ಮೌನವಾಗಿಸಿದ್ದಕ್ಕೆ ನಾನೇ ಸಾಕ್ಷಿ. ಕಂಡಕ್ಟರು ಟಿಕೆಟ್ ಕೇಳುವುದನ್ನೂ ಮರೆತಿದ್ದ.

ಈ ನಡುವೆ ನನ್ನ ಮನೆಯಲ್ಲೇ ಒಂದು ಬದಲಾವಣೆಯಾಯಿತು. ಮಹಾಲಕ್ಷ್ಮಮ್ಮ ಒಂದು ಸಂಜೆ ಮೇಲಿನಿಂದ ಇಳಿದುಬಂದವಳು ಹಾಡು ಗುನುಗುತ್ತಾ ತುಳಸಿಗೆ ನೀರೆರೆದಳು. ಏನು ವಿಶೇಷ ಎಂದೆ. “ನಾನೂ ಸೇರ್ಕೊಂಡೆ ಅವರ ರಿಸರ್ಚಿಗೆ. ಎಲ್ಲಾ ಸರಿಯಾಗಿದೆಯಂತೆ.” ಸರಿಯಿಲ್ಲವೆಂದು ಯಾರು ಹೇಳಿದ್ದರು ಎಂದು ಕೇಳಿದೆ. ಅವಳು ಬಾಣಂತನದ ಕಾಲದಿಂದ ಮನಸ್ಸಿನಲ್ಲೇ ಇಟ್ಟುಕೊಂಡಿದ್ದ ಒಂದು ಅನುಮಾನವನ್ನು ಆಗ ಹೇಳಿದಳು. ಹೊಲಿಗೆ ಹಾಕಿದ್ದ ಕಡೆ ಏನೋ ಕೆಟ್ಟುಹೋಗಿದೆ, ಇನ್ನು ತಾನು ಮೊದಲಿನವಳಲ್ಲ ಎಂಬ ಅನುಮಾನ. ನಮ್ಮ ಮಗಳು ಆಗ ಹೈಸ್ಕೂಲಿನಲ್ಲಿದ್ದಳು. ಅಷ್ಟು ವರ್ಷ ಒಂದೇ ಸೂರಿನ ಕೆಳಗೆ ಇದ್ದವನಿಗೆ ತಿಳಿಯದೇ ಹೋದದ್ದು, ಮೇಲಂತಸ್ತಿನಲ್ಲಿ ಅರ್ಧ ಗಂಟೆಯಲ್ಲಿ ಬಗೆಹರಿದಿತ್ತು. ಆ ಸಂಜೆ ಅವಳು ತಲೆಯೆತ್ತಿ ಅಂಗಳದಲ್ಲಿ ನಡೆದಾಡಿದ ರೀತಿಯನ್ನು ಕಂಡ ಮೇಲೆ, ಡಾಕ್ಟರ ಸಂಶೋಧನೆಗೆ ಪ್ರಯೋಜನವೇನೆಂದು ನಾನು ಮತ್ತೆ ಕೇಳಲಿಲ್ಲ.

ಆದರೆ ಆ ಪ್ರಯೋಜನ ನಾಲ್ಕು ಜನರೆದುರು ಪರೀಕ್ಷೆಗೆ ನಿಂತದ್ದು ರೂಪಶ್ರೀಯ ಪ್ರಸಂಗದಲ್ಲಿ. ಅವಳು ನಮ್ಮ ಕಾಲೇಜಿನಲ್ಲೇ ಬಿ.ಎ. ಓದಿದ ಹುಡುಗಿ, ಸಿ.ಎಸ್. ಪುರದ ಕಡೆಯ ರೈತ ಕರಿಸಿದ್ದಪ್ಪನವರ ಒಬ್ಬಳೇ ಮಗಳು. ಕೋರದ ಕಡೆಯ ಶಿವರಾಮಯ್ಯನವರ ಮಗ ಮಲ್ಲಿಕಾರ್ಜುನನಿಗೆ ಕೊಟ್ಟು ಮದುವೆಯಾಗಿತ್ತು. ವಾರ ಕಳೆಯುವುದರೊಳಗೆ ಗಂಡನ ಮನೆಯವರು ಅವಳನ್ನು ವಾಪಸು ತಂದುಬಿಟ್ಟರು. ಮೊದಲ ರಾತ್ರಿ ರಕ್ತ ಕಾಣಲಿಲ್ಲ, ಹುಡುಗಿ ಸರಿಯಿಲ್ಲ ಎಂಬುದು ಅವರ ದೂರು; ಪಂಚಾಯ್ತಿ ಸೇರಿಸುವುದೆಂದು ತೀರ್ಮಾನವಾಗಿತ್ತು. ಕರಿಸಿದ್ದಪ್ಪ ನನ್ನನ್ನು ಹುಡುಕಿಕೊಂಡು ಬಂದಾಗ ಅವರ ಮುಖ ಬೂದಿಯಂತಾಗಿತ್ತು. “ಮೇಷ್ಟ್ರೇ, ಮ್ಯಾಲಿರೋ ಡಾಕ್ಟರಮ್ಮ ಒಂದು ಸರ್ಟಿಪಿಕೇಟು ಬರ್ಕೊಟ್ರೆ ನನ್ ಮಗಳ ಬಾಳು ಉಳೀತದೆ. ಹುಡುಗಿ ಶುದ್ಧವಾಗವ್ಳೆ ಅಂತ ಒಂದೇ ಒಂದು ಮಾತು” ಎಂದರು. ನಾನು ಅವರನ್ನು ಮೇಲಕ್ಕೆ ಕರೆದೊಯ್ದೆ.

ಡಾಕ್ಟರು ಎಲ್ಲವನ್ನೂ ಕೇಳಿ, “ಆ ಸರ್ಟಿಫಿಕೇಟು ನಾನು ಕೊಡಲ್ಲ” ಎಂದರು.

ನನ್ನ ಕಿವಿಗೆ ಬಿದ್ದದ್ದು ಸರಿಯೇ ಎಂದು ಅನುಮಾನವಾಯಿತು. ಕರಿಸಿದ್ದಪ್ಪ ಎದ್ದು ನಿಂತರು. “ಒಂದು ಸೈನು ಅಷ್ಟೇ ಅಲ್ವೇನಮ್ಮ? ನಿಮ್ ಗಂಟೇನ್ ಹೋಯ್ತದೆ?”

“ನೋಡಿ ಯಜಮಾನ್ರೇ, ಹುಡುಗಿಯನ್ನ ನೋಡಿ ಶುದ್ಧ, ಅಶುದ್ಧ ಅಂತ ಹೇಳೋಕೆ ಯಾವ ಡಾಕ್ಟರ ಕೈಲೂ ಆಗಲ್ಲ. ಆಗುತ್ತೆ ಅನ್ನೋರು ಸುಳ್ಳು ಹೇಳ್ತಾರೆ. ಇವತ್ತು ನಿಮ್ಮ ಮಗಳಿಗೆ ನಾನು ಸುಳ್ಳು ಬರ್ಕೊಟ್ರೆ, ನಾಳೆ ಪ್ರತಿಯೊಂದು ಮನೇಲೂ ಸೊಸೆ ಬರೋ ಮುಂಚೆ ಚೀಟಿ ತಾ ಅಂತಾರೆ. ಆ ಚೀಟಿ ಸಿಗದ ಹುಡುಗಿ ಏನ್ಮಾಡ್ಬೇಕು?”

ಕರಿಸಿದ್ದಪ್ಪ ಟವೆಲಿನಿಂದ ಮುಖ ಮುಚ್ಚಿಕೊಂಡರು. ನನಗೂ ಸಿಟ್ಟು ಬಂದಿತ್ತು. ಎದುರಿಗೆ ಒಂದು ಜೀವ ಬೇಯುತ್ತಿರುವಾಗ ನಾಳೆಯವರ ಲೆಕ್ಕ ಯಾಕೆ ಎಂದು ಕಟುವಾಗಿಯೇ ಹೇಳಿದೆ. ಡಾಕ್ಟರು ಕಿಟಕಿಯ ತನಕ ಹೋದರು, ತಿರುಗಿ ಬಂದರು, ಜೇಬಿಗೆ ಕೈ ಹಾಕಿ ಬೆಲ್ಲದ ಚೂರೊಂದನ್ನು ಸುಮ್ಮನೆ ತಿರುವುತ್ತಾ ನಿಂತರು. ಅವರ ಕಣ್ಣು ತುಂಬಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಆಮೇಲೆ ಕೇಳಿದರು: “ಪಂಚಾಯ್ತಿ ಎಲ್ಲಿ ಸೇರ್ತಾರೆ? ನಾನೇ ಬರ್ತೀನಿ.”

ಪಂಚಾಯ್ತಿ ಸೇರಿದ್ದು ಗುಬ್ಬಿಯಲ್ಲಿ, ಎರಡೂ ಮನೆಗೆ ನೆಂಟನಾದ ಬೆಟ್ಟಸ್ವಾಮಿಯವರ ಮನೆಯ ಹಜಾರದಲ್ಲಿ. ಜಮಖಾನದ ಮೇಲೆ ಗಂಡಸರು. ಒಳಗೆ, ಅಡುಗೆಮನೆಯ ಬಾಗಿಲ ಹಿಂದೆ, ಎರಡೂ ಕಡೆಯ ಹೆಂಗಸರು. ಮಲ್ಲಿಕಾರ್ಜುನ ತಲೆ ತಗ್ಗಿಸಿ ಕೈಗಡಿಯಾರದ ಪಟ್ಟಿಯನ್ನು ಬಿಚ್ಚುತ್ತಾ ಕಟ್ಟುತ್ತಾ ಕುಳಿತಿದ್ದ. ರೂಪಶ್ರೀ ಕಂಬಕ್ಕೆ ಒರಗಿ ನಿಂತಿದ್ದಳು, ಅಳುತ್ತಿರಲಿಲ್ಲ. ಡಾಕ್ಟರು ಬಿಳಿಯ ಕೋಟಿನಲ್ಲೇ ಬಂದು ಗಂಡಸರ ಜಮಖಾನದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತರು.

ಶಿವರಾಮಯ್ಯನವರು ಕೆಟ್ಟವರೇನಲ್ಲ, ಮಾತಿನಲ್ಲಿ ಮರ್ಯಾದೆ ಬಲ್ಲವರು. “ಡಾಕ್ಟ್ರಮ್ಮ, ಇಂಥವೆಲ್ಲ ನಾಲ್ಕು ಜನದ ಮುಂದೆ ಆಡೋ ಮಾತಲ್ಲ” ಎಂದರು.

“ನಾಲ್ಕು ಜನದ ಮುಂದೆ ಹುಡುಗೀನ ತಂದು ಬಿಟ್ಟಿದೀರಲ್ಲ ಸ್ವಾಮಿ, ಮಾತೂ ನಾಲ್ಕು ಜನದ ಮುಂದೇನೇ ಆಗಲಿ” ಎಂದು ಡಾಕ್ಟರು ಶುರುಮಾಡಿದರು. “ಇಲ್ಲಿ ಕೂತಿದೀರಲ್ಲ, ಇಬ್ಬರ ಕಿವಿ ಒಂದೇ ಥರ ಇದೆಯಾ ನೋಡ್ಕೊಳ್ಳಿ. ಯೋನೀನೂ ಹಾಗೇ. ಕನ್ಯಾಪೊರೆ ಅಂತೀರಲ್ಲ, ಅದು ಕೆಲವರಿಗೆ ದಪ್ಪ, ಕೆಲವರಿಗೆ ತೆಳು, ಕೆಲವರಿಗೆ ಹುಟ್ಟಿದಾಗಿಂದಲೇ ಇದ್ದೂ ಇಲ್ಲದ ಹಾಗೆ. ಎಳೆದ್ರೆ ಬಗ್ಗುತ್ತೆ, ಎಲ್ಲರಿಗೂ ಹರಿಯಲ್ಲ. ನಾನು ಈ ತಾಲ್ಲೂಕಲ್ಲೇ ಇನ್ನೂರಕ್ಕೂ ಮೇಲೆ ಹೆಂಗಸರನ್ನ ನೋಡಿದೀನಿ, ಕೇಳಿದೀನಿ. ಎಲ್ಲಾ ಮಾನವಂತರು, ಸಂಸಾರಸ್ಥರು. ಮೊದಲನೇ ರಾತ್ರಿ ರಕ್ತ ಕಂಡೋರಿಗಿಂತ ಕಾಣದೇ ಇದ್ದೋರೇ ಜಾಸ್ತಿ. ನನ್ನ ಮಾತು ನಂಬಬೇಡಿ. ಮನೆಗೆ ಹೋದ ಮೇಲೆ ನಿಮ್ಮ ನಿಮ್ಮ ಹೆಂಗಸರನ್ನ ಕೇಳಿ.”

ಆಗ ಅಡುಗೆಮನೆಯ ಕಡೆಯಿಂದ ಕೋಲೂರಿಕೊಂಡು ಒಬ್ಬ ಮುದುಕಿ ಬಾಗಿಲಿಗೆ ಬಂದು ನಿಂತಳು. ಅವಳು ಮರಿಯಮ್ಮ, ಶಿವರಾಮಯ್ಯನವರ ತಾಯಿ, ಮದುಮಗನ ಅಜ್ಜಿ.

“ಮನೆಗಂಟ ಯಾಕ್ಲಾ ಹೋಗ್ಬೇಕು, ಇಲ್ಲೇ ಕೇಳ್ಲಾ ಶಿವರಾಮ. ನಂಗೂ ಅವತ್ತು ಏನೂ ಬರ್ನಿಲ್ಲ. ನಿಮ್ಮಪ್ಪ ದೀಪ ಹಿಡ್ದು ನೋಡ್ನೂ ಇಲ್ಲ, ಕೇಳ್ನೂ ಇಲ್ಲ. ಹಂಗಂತ ಈಗ ನೀನು ಯಾರ್ ಮಗ ಅಂತ ಪಂಚಾಯ್ತಿ ಸೇರ್ಸೀಯಾ?”

ಮೊದಲು ನಕ್ಕವರು ಬೆಟ್ಟಸ್ವಾಮಿ. ಆಮೇಲೆ ಒಳಗಿನ ಹೆಂಗಸರು. ಕೊನೆಗೆ, ಟವೆಲಿನಲ್ಲಿ ಬಾಯಿ ಮುಚ್ಚಿಕೊಂಡು, ಸ್ವತಃ ಶಿವರಾಮಯ್ಯನವರು. ನಗು ಅಡಗಿದ ಮೇಲೆ ಅವರು ಕರಿಸಿದ್ದಪ್ಪನವರ ಕೈ ಹಿಡಿದು, ತಿಳಿಯದೆ ಆದದ್ದು, ಮನಸ್ಸಿಗೆ ಹಚ್ಚಿಕೊಳ್ಳಬೇಡಿ, ಮಗುವನ್ನು ಈಗಲೇ ಕರೆದುಕೊಂಡು ಹೋಗುತ್ತೇವೆ ಎಂದರು. ಮಲ್ಲಿಕಾರ್ಜುನ, “ನಂಗೆ ಇದೆಲ್ಲ ಗೊತ್ತಿರ್ಲಿಲ್ಲ” ಎಂದು ಮೆಲ್ಲಗೆ ಹೇಳಿದ. ಕರಿಸಿದ್ದಪ್ಪನವರ ಮುಖದಲ್ಲಿ ಜೀವ ಬಂದಿತು. ಡಾಕ್ಟರು ಗೆದ್ದ ಸಂಭ್ರಮದಲ್ಲಿ ಬೆಲ್ಲವನ್ನು ಆಗಲೇ ಜೇಬಿನಿಂದ ತೆಗೆದಿದ್ದರು.

ಆಗ ರೂಪಶ್ರೀ ಕಂಬ ಬಿಟ್ಟು ಮುಂದೆ ಬಂದಳು. “ಮೇಡಂ, ನೀವು ಹೇಳಿದ್ದು ಎಲ್ಲರಿಗೂ ಅರ್ಥ ಆಯ್ತು, ಸಂತೋಷ. ಆದ್ರೆ ಅರ್ಥ ಆಗೋಕೆ ಮುಂಚೆ ಇವರಲ್ಲಿ ಒಬ್ರೂ ನನ್ನ ಒಂದ್ ಮಾತು ಕೇಳ್ಲಿಲ್ಲ. ಇವರೂ ಕೇಳ್ಲಿಲ್ಲ” ಎಂದು ಗಂಡನ ಕಡೆ ನೋಡಿದಳು. “ನಾನು ಆ ಮನೆಗೆ ಹೋಗಲ್ಲ ಅಪ್ಪ.”

ಮತ್ತೆ ಗದ್ದಲವೆದ್ದಿತು. ಎಲ್ಲಾ ಸರಿಹೋಯಿತಲ್ಲ, ಇನ್ನೇನು ಹಟ ಎಂದು ಹಿರಿಯರು ಒಬ್ಬರಾದ ಮೇಲೊಬ್ಬರು ಬುದ್ಧಿ ಹೇಳಿದರು. ಡಾಕ್ಟರು ಬಾಯಿ ತೆರೆದು ಕುಳಿತಿದ್ದರು; ಹುಡುಗಿಯನ್ನು ಗಂಡನ ಮನೆಗೆ ಸೇರಿಸುವುದೇ ತಮ್ಮ ಕೆಲಸವೆಂದುಕೊಂಡು ಬಂದಿದ್ದವರಿಗೆ ಈ ತಿರುವು ಕನಸಿನಲ್ಲೂ ಹೊಳೆದಿರಲಿಲ್ಲ. ಆಮೇಲೆ ಅವರ ಮುಖ ಮೆಲ್ಲಗೆ ಅರಳಿತು. ಎದ್ದು ಹೋಗಿ ರೂಪಶ್ರೀಯ ಭುಜ ತಟ್ಟಿ, ಕರಿಸಿದ್ದಪ್ಪನವರಿಗೆ, “ಯಜಮಾನ್ರೇ, ಹುಡುಗಿ ಸರಿಯಾಗಿದಾಳೋ ಇಲ್ವೋ ಅಂತ ಕೇಳಿದ್ರಲ್ಲ. ಈಗ ಹೇಳ್ತೀನಿ ಕೇಳಿ: ಸರಿಯಾಗಿದಾಳೆ” ಎಂದರು. ಕರಿಸಿದ್ದಪ್ಪ ಮಗಳನ್ನು ಬಹಳ ಹೊತ್ತು ನೋಡಿ, “ನಡಿ ಮಗ, ಊರಿಗೋಗಾನ” ಎಂದು ಚಪ್ಪಲಿ ಮೆಟ್ಟಿದರು.

ಮುಂದಿನ ವರ್ಷ ರೂಪಶ್ರೀ ಗುಬ್ಬಿಯ ಬಸ್ ನಿಲ್ದಾಣದ ಹತ್ತಿರ ಎಸ್‌ಟಿಡಿ ಬೂತು ಇಟ್ಟಳು. ಅಡಿಕೆ ವ್ಯಾಪಾರಿಗಳು ಫೋನಿನಲ್ಲಿ ಅರಚುವುದನ್ನು ಕೇಳುತ್ತಾ, ಬಿಡುವಿನಲ್ಲಿ ಓದುತ್ತಾ ಎಂ.ಎ. ಮುಗಿಸಿದಳು. ಕೆಲವು ವರ್ಷಗಳ ನಂತರ, ದಿನಾ ಬಂದು ಯಾರಿಗೂ ಫೋನು ಮಾಡದೆ ಹೋಗುತ್ತಿದ್ದ ಒಬ್ಬ ಡ್ರಾಯಿಂಗ್ ಮೇಷ್ಟ್ರನ್ನು ತಾನೇ ಆರಿಸಿ ಮದುವೆಯಾದಳು. ಅವಳ ಹೆರಿಗೆಯನ್ನು ಡಾಕ್ಟರೇ ಮಾಡಿಸಿದರು.

ಸಂಶೋಧನೆ ಮುಗಿಯುವ ಹೊತ್ತಿಗೆ ಹೊಸ ಶತಮಾನ ಕಾಲಿಟ್ಟಿತ್ತು. ಪ್ರಬಂಧ ಕಳುಹಿಸಿದ ಮೊದಲ ಪತ್ರಿಕೆಯವರು ಇದು ಯಾವ ರೋಗವನ್ನು ಕುರಿತದ್ದೆಂದು ಸ್ಪಷ್ಟ ಮಾಡಿ ಎಂದು ವಾಪಸು ಕಳುಹಿಸಿದರು. ಡಾಕ್ಟರು ಅದನ್ನು ನೆನೆದು ನೆನೆದು ಒಂದು ತಿಂಗಳು ನಕ್ಕರು. ಎರಡನೆಯ ಪತ್ರಿಕೆ ಅಚ್ಚು ಹಾಕಿತು. ಅದರ ಸಾರವನ್ನು ಹೆಂಗಸರಿಗಾಗಿ ಒಂದು ಕಿರುಹೊತ್ತಿಗೆಯಾಗಿ ನಾನು ಕನ್ನಡದಲ್ಲಿ ಬರೆದುಕೊಟ್ಟೆ. ಪ್ರೆಸ್ಸಿನ ಲಕ್ಷ್ಮೀಕಾಂತ್, ಸಂಕೋಚದ ಮನುಷ್ಯ, ಆ ಎರಡಕ್ಷರ ಬಂದಲ್ಲೆಲ್ಲ ‘ಯೋ’ ಎಂದು ಹಾಕಿ ಮುಂದೆ ಚುಕ್ಕಿಗಳನ್ನಿಟ್ಟಿದ್ದ. ಡಾಕ್ಟರು ಪ್ರೆಸ್ಸಿಗೇ ಹೋಗಿ, ಯಂತ್ರದ ಸದ್ದನ್ನೂ ಮೀರಿಸುವ ದನಿಯಲ್ಲಿ ಪ್ರೂಫನ್ನು ಮೊದಲಿನಿಂದ ಕೊನೆಯ ತನಕ, ಚುಕ್ಕಿಯಿದ್ದಲ್ಲೆಲ್ಲ ಪೂರ್ತಿ ಪದವನ್ನೇ ಹೇಳುತ್ತಾ, ಪೆನ್ನಿನಿಂದ ಬರೆಯುತ್ತಾ ಓದಿದರು. ನಾಲ್ಕನೆಯ ಪುಟಕ್ಕೆ ಬರುವಷ್ಟರಲ್ಲಿ ಲಕ್ಷ್ಮೀಕಾಂತನ ಕಿವಿಯ ಕೆಂಪು ಇಳಿದಿತ್ತು. ಆರನೆಯ ಪುಟದಲ್ಲಿ ಅವನೇ, “ಮೇಡಂ, ಇಲ್ಲಿ ನಿಕಾರ ದೀರ್ಘ ಬಿದ್ದಿದೆ” ಎಂದು ತಿದ್ದಿದ.

ಇಷ್ಟು ವರ್ಷದಲ್ಲಿ ಕಂಡುಕೊಂಡದ್ದೇನು ಎಂದು ಒಮ್ಮೆ ಕೇಳಿದಾಗ ಅವರು ಹೇಳಿದ ಮಾತನ್ನು ನಾನು ತರಗತಿಯಲ್ಲಿ ಬೇರೆ ಬೇರೆ ಸಂದರ್ಭಗಳಿಗೆ ಬಳಸಿಕೊಂಡಿದ್ದೇನೆ: “ಸರಿ ಅನ್ನೋದು ಒಂದು ಗೆರೆ ಅಂದ್ಕೊಂಡಿದ್ದೆ ಮೇಷ್ಟ್ರೇ. ಅದೊಂದು ಬಯಲು ಕಣ್ರೀ.”

ಎರಡು ಸಾವಿರದ ಏಳರಲ್ಲಿ ಕುಣಿಗಲ್ಲಿನ ಒಂದು ಮದುವೆ ಮನೆಯಲ್ಲಿ ಅವರ ಜೊತೆ ಊಟಕ್ಕೆ ಕುಳಿತಿದ್ದೆ. ನಿವೃತ್ತರಾಗಿದ್ದರು, ಕೂದಲು ಪೂರಾ ಬೆಳ್ಳಗಾಗಿತ್ತು. ಎದುರಿನ ಪಂಕ್ತಿಯಲ್ಲಿ ಕಡಬದ ಕಡೆಯ ಹೆಂಗಸರು ಜೋರಾಗಿ ಹರಟುತ್ತಾ ಉಣ್ಣುತ್ತಿದ್ದರು. ಇವರಲ್ಲಿ ಎಷ್ಟೋ ಜನ ನಿಮ್ಮ ಮಂಚದ ಮೇಲೆ ಮಲಗಿದ್ದವರು, ಒಬ್ಬರಾದರೂ ಗುರುತು ಹಿಡಿದು ಮಾತಾಡಿಸಲಿಲ್ಲವಲ್ಲ ಎಂದು ನಾನು ತುಸು ನೊಂದು ಹೇಳಿದೆ. ಡಾಕ್ಟರು ಹೋಳಿಗೆ ಮುರಿಯುತ್ತಾ ಅವರನ್ನೆಲ್ಲ ಒಂದು ಸುತ್ತು ಕಣ್ತುಂಬ ನೋಡಿದರು. “ಒಬ್ಬಳಿಗೂ ನನ್ನ ನೆನಪಿಲ್ಲ. ಎಷ್ಟು ಚೆನ್ನಾಗಿದಾರೆ ನೋಡಿ!” ಎಂದು ಬಡಿಸುವವರನ್ನು ಕರೆದು ಇನ್ನೊಂದು ಹೋಳಿಗೆ ಹಾಕಿಸಿಕೊಂಡರು.

ರೋಗವನ್ನು ಗುಣಪಡಿಸಿದ ವೈದ್ಯರನ್ನು ಜನ ಮರೆಯುವುದಿಲ್ಲ. ನೋವಿನ ನೆನಪು ಅವರ ಹೆಸರನ್ನು ಕಾಪಾಡುತ್ತದೆ. ಆದರೆ ನಿನ್ನಲ್ಲಿ ಯಾವ ಕೊರತೆಯೂ ಇಲ್ಲ ಎಂದು ಹೇಳಿ ಕಳುಹಿಸುವವರ ಜಾತಿಯೇ ಬೇರೆ. ಅವರು ಕಳೆಯುವುದು ಭಯವನ್ನು. ಭಯ ಕಳೆದುಹೋದ ಮೇಲೆ ಅದು ಒಮ್ಮೆ ಇತ್ತೆಂಬುದೇ ಮನುಷ್ಯರಿಗೆ ನೆನಪಿರುವುದಿಲ್ಲ, ಅದನ್ನು ಕಳೆದವರ ನೆನಪೂ ಅದರ ಜೊತೆಗೇ ಹೊರಟುಹೋಗುತ್ತದೆ. ಇಂಥವರಿಗೆ ಹಾರವಿಲ್ಲ, ಶಾಲಿಲ್ಲ, ಬೀದಿಗೆ ಹೆಸರಿಲ್ಲ. ತಮ್ಮನ್ನು ಮರೆತು ನಿಶ್ಚಿಂತೆಯಾಗಿ ನಗುತ್ತಿರುವವರ ನಡುವೆ ಕುಳಿತು ಒಂದು ಊಟ ಮಾಡುವ ಭಾಗ್ಯವಷ್ಟೇ ಉಂಟು, ಮತ್ತು ಅದು ಸಾಲದೆಂದು ಅವರಿಗೆ ಎಂದೂ ಅನ್ನಿಸುವುದಿಲ್ಲ.